ಮಾವನ ಮೂಗಿನ ಮೇಲೆ ಮೂರು ಗಾಡಿ

ಡೆಲ್ ಸ್ಟ್ರಾಂಡನ ಹಳೇ ಕೆಂಪು ಪಿಕಪ್ ಟ್ರಕ್ಕು ಪ್ರಾಣ ಬಿಟ್ಟಿದ್ದು ಫೆಬ್ರವರಿಯ ಕೊನೆಯ ಶುಕ್ರವಾರ, ಅದೂ ಟೆಲ್ಫರ್ ಪೇಟೆಯಲ್ಲಿ ಓಪಲ್ ಕಾಫಿ ಅಂಗಡಿಯ ಎದುರಿಗೇ. ಮಾನ ಕಳೆದುಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಡೀ ವಯೋಮಿಂಗ್‌ನಲ್ಲಿ ಸಿಗುತ್ತಿರಲಿಲ್ಲ. ಒಳಗೆ ಬೀನ್ಸು-ಮಾಂಸದ ಚಿಲ್ಲಿ ಸಾರಿನಲ್ಲಿ ದಾಲ್ಚಿನ್ನಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದವರೆಲ್ಲ ಬಟ್ಟಲು ಬಿಟ್ಟು ಎದ್ದು ಬಂದರು. ಬಾನೆಟ್ ಎತ್ತಿದರು, ಬಗ್ಗಿ ನೋಡಿದರು, ಒಬ್ಬೊಬ್ಬರು ಒಂದೊಂದು ರೋಗದ ಹೆಸರು ಹೇಳಿದರು. ಇಪ್ಪತ್ತೊಂದು ವರ್ಷ ದುಡಿದ ಗಾಡಿ. ಪಾಪ, ಅದಾದರೂ ಎಷ್ಟು ಅಂತ ಎಳೆದೀತು.

ಗಾಡಿಯನ್ನು ಗ್ಯಾರೇಜಿಗೆ ತಳ್ಳಿ ಬಂದು ಕೂರುವಷ್ಟರಲ್ಲಿ ಊರು ಮೂರು ಪಾಲಾಗಿತ್ತು. ನಮ್ಮ ಕಡೆಯ ಗಂಡಸರು ತಮ್ಮನ್ನು ಬೈದರೆ ತಡೆದುಕೊಳ್ಳುತ್ತಾರೆ, ತಮ್ಮ ಅಡುಗೆಯನ್ನು ಬೈದರೂ ತಡೆದುಕೊಳ್ಳುತ್ತಾರೆ, ತಮ್ಮ ಗಾಡಿಯ ಕಂಪನಿಯನ್ನು ಬೈದರೆ ಮಾತ್ರ ಮುಗಿಯಿತು. ಪೇಟೆಯಲ್ಲಿ ಡೀಸೆಲ್ ಪಿಕಪ್ ಮಾರುವ ಅಂಗಡಿ ಮೂರು. ಕಂಪನಿಯ ಹೆಸರು ಎತ್ತಿದರೆ ಇಲ್ಲೂ ಜಗಳ ಹತ್ತಿಕೊಂಡೀತು, ಬಣ್ಣ ಹೇಳಿದರೆ ಸಾಕು: ಕೆಂಪು, ಬಿಳಿ, ನೀಲಿ. ಸ್ಟ್ರಾಂಡ್ ಮನೆಯವರು ಮೂರು ತಲೆಮಾರಿನಿಂದ ಕೆಂಪು. ಡೆಲ್‌ನ ಅಪ್ಪ ನೀಲಿ ಗಾಡಿಯವರ ಮದುವೆಗೆ ಹೋದರೂ ಊಟ ಮಾಡದೆ ಬರುತ್ತಿದ್ದ ಅಂತ ಪ್ರತೀತಿ.

ಡೆಲ್‌ಗೆ ಗಾಡಿ ಬೇಕಾಗಿದ್ದು ಷೋಕಿಗಲ್ಲ. ಅವನದು ಕುರಿ ಉಣ್ಣೆ ಕತ್ತರಿಸುವ ಕಸುಬು. ಹದಿನೇಳಕ್ಕೆ ಕತ್ತರಿ ಹಿಡಿದವನು, ಮೈಯಲ್ಲಿ ಕಸುವಿದ್ದ ಕಾಲಕ್ಕೆ ದಿನಕ್ಕೆ ಇನ್ನೂರು ಕುರಿ ಬೋಳಿಸುತ್ತಿದ್ದ. ನಲವತ್ತೈದಕ್ಕೆ ಸೊಂಟ ಕೈಕೊಟ್ಟಿತು. ಆಮೇಲೆ ಒಂದು ಚಳಿಗಾಲವಿಡೀ ಅಂಗಳದಲ್ಲಿ ನಿಂತು, ಕಬ್ಬಿಣ ಬೆಸೆದು, ಗಾಲಿಯ ಮೇಲೆ ಒಂದು ಶೆಡ್ಡು ಕಟ್ಟಿದ. ಮೂವತ್ತಾರು ಅಡಿ ಉದ್ದ, ಏಳು ಟನ್ ಭಾರ, ಒಳಗೆ ಆರು ಜನ ಒಟ್ಟಿಗೆ ನಿಂತು ಕತ್ತರಿಸುವಷ್ಟು ಜಾಗ. ಮಾರ್ಚ್ ಬಂತೆಂದರೆ ಆರು ಆಳು ಬರುತ್ತಾರೆ, ಡೆಲ್ ಶೆಡ್ಡನ್ನು ಒಂದು ಕುರಿದೊಡ್ಡಿಯಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುತ್ತಾನೆ, ಹೆಂಡತಿ ಮಾರ್ವಾ ಉಣ್ಣೆ ಬೇರ್ಪಡಿಸಿ ಮೂಟೆ ಕಟ್ಟಿಸುತ್ತಾಳೆ. ಕುರಿಗಳು ಮರಿ ಹಾಕುವುದರೊಳಗೆ ಎಲ್ಲ ಮುಗಿಯಬೇಕು. ಈ ಸಲದ ಮೊದಲ ದೊಡ್ಡಿ ಬೆಟ್ಟದ ಆಚೆಗಿತ್ತು. ಸೋಮವಾರ, ಮಾರ್ಚ್ ಹತ್ತಕ್ಕೆ ಶೆಡ್ಡು ಅಲ್ಲಿರಬೇಕು.

ಬೆಟ್ಟದ ಆಚೆ ಹೋಗಲು ಇರುವುದು ಒಂದೇ ದಾರಿ. ಏರಿ, ಇಳಿಯಬೇಕು. ಎರಡೂ ಕಡೆ ಒಂದೇ ಸಮ ಕಡಿದು. ಊರವರು ಅದಕ್ಕೆ ಮಾವನ ಮೂಗು ಅಂತ ಹೆಸರಿಟ್ಟಿದ್ದರು.

ಕಾಫಿ ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಒಂದಿತ್ತು. ಹೋದ ಅಕ್ಟೋಬರಿನಲ್ಲಿ ಮಾರ್ವಾ ಕಾರಿನಲ್ಲಿ ಹಿಂದಿನ ದಿನವೇ ಮನೆ ಸೇರಿದ್ದಳು. ಡೆಲ್ ಒಬ್ಬನೇ ಶೆಡ್ಡನ್ನು ಮನೆಗೆ ಎಳೆದು ತರುತ್ತ ಮೂಗಿನ ಮೇಲಿಂದ ಇಳಿಯುವಾಗ ಅದರ ಬ್ರೇಕಿನ ತಂತಿ ತುಂಡಾಗಿತ್ತು. ಏಳು ಟನ್ ಹಿಂದಿನಿಂದ ದಬ್ಬುತ್ತಿದೆ, ಟ್ರಕ್ಕಿನ ಬ್ರೇಕು ಕಾದು ಸುಟ್ಟ ವಾಸನೆ ಬರುತ್ತಿದೆ, ಕೊನೆಗೆ ಡೆಲ್ ಒತ್ತಿದ ಪೆಡಲು ನೆಲಕ್ಕೆ ಹೋಗಿ ಕೂತುಬಿಟ್ಟಿತು. ಕೊನೆಯ ತಿರುವನ್ನು ಹೇಗೆ ದಾಟಿದನೋ ದೇವರಿಗೇ ಗೊತ್ತು. ಕೆಳಗಿನ ಬಯಲಿನಲ್ಲಿ ಗಾಡಿ ತಾನಾಗಿ ನಿಂತ ಮೇಲೆ ಒಂದು ಗಂಟೆ ಸ್ಟೇರಿಂಗ್ ಹಿಡಿದೇ ಕೂತಿದ್ದ. ಮನೆಗೆ ಬಂದು ಟೈರು ಬಿಸಿಯಾಗಿತ್ತು ಅಂದ. ತಂತಿಯನ್ನು ಮಾರನೇ ದಿನವೇ ಸರಿಮಾಡಿದ. ಎದೆಯೊಳಗಿನದು ಸರಿಯಾಗಲಿಲ್ಲ. ಆ ಇಳಿಜಾರನ್ನು ನೆನೆದರೆ ಸಾಕು, ಅಂಗೈ ಬೆವರುತ್ತಿತ್ತು. ಅರವತ್ಮೂರು ವರ್ಷದ ಗಂಡಸು ಇದನ್ನು ಯಾರಿಗೆ ಹೇಳಬೇಕು? ಶೆಡ್ಡು ಎಳೆಯಲಾರೆ ಅಂದರೆ ಶೆಡ್ಡು ಮಾರಬೇಕು, ಶೆಡ್ಡು ಮಾರಿದರೆ ಡೆಲ್ ಸ್ಟ್ರಾಂಡ್ ಅನ್ನುವವನು ಯಾರು?

ಹಾಗಾಗಿ ಅವನು ಗಾಡಿ ಆರಿಸುವುದನ್ನೇ ಮುಂದೂಡುತ್ತ ಹೋದ. ಬಿಳಿಯದರ ಸೀಟು ಮೆತ್ತಗೆ ಅಂದ. ನೀಲಿಯದನ್ನು ಮುಟ್ಟಿದರೆ ಅಪ್ಪ ಗೋರಿಯಿಂದ ಎದ್ದು ಬರ್ತಾನೆ ಅಂದ. ಊರವರು ನಕ್ಕರು. ಹಠಮಾರಿ ಕೆಂಪಿನವನು, ಕೊನೆಗೆ ಕೆಂಪೇ ತಗೊಳ್ಳೋದು, ಸುಮ್ಮನೆ ಆಟ ಆಡಿಸ್ತಿದ್ದಾನೆ ಅಂದುಕೊಂಡರು. ಈ ಊರಿನಲ್ಲಿ ಕಂಪನಿಯ ಅಭಿಮಾನದ ಹಿಂದೆ ಏನನ್ನು ಬೇಕಾದರೂ ಬಚ್ಚಿಡಬಹುದು.

ತಲೆಕೆಟ್ಟಿದ್ದು ಪಕ್ಕದ ದೊಡ್ಡಿಯ ಲೋವೆಲ್‌ಗೆ. ಡೆಲ್‌ನ ಜೊತೆ ಒಂದನೇ ತರಗತಿಯಿಂದ ಓದಿದವನು, ಹುಟ್ಟಾ ನೀಲಿ.

"ಲೋ, ಒಂದು ವಾರದಿಂದ ನಮ್ಮ ತಲೆ ತಿಂತಿದೀಯ. ಶನಿವಾರ ಮೂರೂ ಗಾಡೀನ ಮೂಗಿನ ಬುಡಕ್ಕೆ ತರಿಸ್ತೀನಿ. ನಿನ್ನ ಶೆಡ್ಡನ್ನೇ ಕಟ್ಟಿ ಒಂದೊಂದಾಗಿ ಹತ್ತಿಸೋಣ. ಯಾವುದು ಬೇಗ ಹತ್ತುತ್ತೋ ಅದು ನಿಂದು. ಆಯ್ತಾ?"

ಹತ್ತು ಜನರೆದುರು ಡೆಲ್ ಆಯಿತು ಅನ್ನದೆ ಏನು ಅಂದಾನು.

ಶನಿವಾರ ಗಾಳಿ ಟೋಪಿ ಹಾರಿಸುವಷ್ಟಿತ್ತು, ಆದರೂ ಅರ್ಧ ಪೇಟೆ ಬುಡದಲ್ಲಿ ನೆರೆದಿತ್ತು. ಓಪಲ್ ಕಾಫಿಯ ಕ್ಯಾನು ಹೊತ್ತು ತಂದಿದ್ದಳು. ಒಂದು ವಾರದ ಸೇಬಿನ ಪೈ ಪಣಕ್ಕೆ ಬಿದ್ದಿತ್ತು. ಕೆಂಪು ಮತ್ತು ಬಿಳಿ ಅಂಗಡಿಯವರು ತಮ್ಮ ತಮ್ಮ ಹೊಚ್ಚಹೊಸ ಗಾಡಿಗಳ ಜೊತೆ ಬಂದಿದ್ದರು. ಲೋವೆಲ್ ತನ್ನದೇ ನೀಲಿ ಗಾಡಿ ತಂದಿದ್ದ. ಅದರ ಅವಳಿ ಪೇಟೆಯ ಅಂಗಡಿಯಲ್ಲಿ ಮಾರಾಟಕ್ಕೆ ನಿಂತಿತ್ತು.

ಡೆಲ್, ಸೊಂಟ ಹಿಡಿದಿದೆ, ನಾನು ಓಡಿಸಲ್ಲ, ಮೇಲೆ ನಿಂತು ಟೈಮ್ ನೋಡಿ ಫೋನಲ್ಲಿ ಹೇಳ್ತೀನಿ ಅಂದ. ಮಾರ್ವಾ ಕಾರಿನಲ್ಲಿ ಅವನನ್ನು ನೆತ್ತಿಗೆ ಕರೆದುಕೊಂಡು ಹೋದಳು. ಅಲ್ಲಿ ಗಾಡಿ ತಿರುಗಿಸಲು ಅಗಲವಾದ ಜಾಗವಿದೆ. ಹತ್ತಿ ಬಂದ ಗಾಡಿ ಅಲ್ಲಿ ತಿರುಗಿ, ಶೆಡ್ಡಿನ ಸಮೇತ ಇಳಿದು, ಮುಂದಿನ ಗಾಡಿಗೆ ಅದನ್ನು ಒಪ್ಪಿಸಬೇಕು.

ಬಿಳಿ ಹೊರಟಿತು. ಅಬ್ಬಾ, ಏನು ಸದ್ದು. ಇಡೀ ಕಣಿವೆ ಗುಡುಗಿತು. ಆರು ನಿಮಿಷ ಹತ್ತು ಸೆಕೆಂಡಿಗೆ ನೆತ್ತಿ ಮುಟ್ಟಿತು. ಆಮೇಲೆ ನೀಲಿ, ಏಳು ನಿಮಿಷ ಹತ್ತಿರ. ಕೆಳಗಿನಿಂದ ಕೇಕೆ ಕೇಳಿಸಿತು. ಲೋವೆಲ್ ಕಿಟಕಿಯಿಂದ ತಲೆ ಹೊರಹಾಕಿ, "ಗಾಳಿ ಕಣೋ, ಗಾಳಿ ಎದುರಿಗಿತ್ತು," ಅಂತ ಕಿರುಚುತ್ತ ತಿರುಗಿಸಿಕೊಂಡು ಹೋದ. ಕೊನೆಗೆ ಕೆಂಪು. ಐದು ನಿಮಿಷ ಐವತ್ತು. ಕೆಳಗೆ ಹಬ್ಬವೇ ಆಗಿಹೋಯಿತು.

ಮಾರ್ವಾ ಗಡಿಯಾರವನ್ನೂ ನೋಡಲಿಲ್ಲ, ಗಾಡಿಯನ್ನೂ ನೋಡಲಿಲ್ಲ, ಗಂಡನನ್ನು ನೋಡುತ್ತಿದ್ದಳು. ಗಾಡಿ ಹತ್ತುವಾಗ ಅವನು ಬೇಸರ ಬಂದವನ ಹಾಗೆ ಬೂಟಿನಿಂದ ಹಿಮ ಕೆದಕುತ್ತಿದ್ದ. ಇಳಿಯುವಾಗ ಮಾತ್ರ ಅಂಚಿಗೆ ಹೋಗಿ ನಿಂತು, ಕಣ್ಣು ಮಿಟುಕಿಸದೆ ನೋಡುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಏನನ್ನೋ ಎಣಿಸುತ್ತಿದ್ದ. ಶೆಡ್ಡಿನ ಹಿಂದೆ ಬ್ರೇಕಿನ ಕೆಂಪು ದೀಪ ಹತ್ತಿದಾಗಲೆಲ್ಲ ಒಂದು ಬೆರಳು ಮಡಚುತ್ತಿದ್ದ. ಬಿಳಿ ಇಳಿಯುವಾಗ ಹನ್ನೊಂದು. ಕೆಂಪು ಇಳಿಯುವಾಗ ಒಂಬತ್ತು. ನೀಲಿ ಇಳಿಯುವಾಗ ಎರಡು, ಎರಡೇ.

"ಕೆಂಪು ಗೆದ್ದಿತು. ಹೋಗಿ ತಗೊಂಡು ಬರೋಣ ನಡಿ," ಅಂದಳು ಮಾರ್ವಾ, ಬೇಕೆಂದೇ.

"ಕೆಂಪು ಈಗ ಮೊದಲಿನ ಹಾಗಿಲ್ಲ ಬಿಡು," ಅಂದ ಡೆಲ್. "ಬರೀ ಸದ್ದು. ಒಳಗೇನೂ ಇಲ್ಲ."

ಮಾರ್ವಾ ಕಾಫಿ ಫ್ಲಾಸ್ಕನ್ನು ಕಾರಿನ ಮೇಲಿಟ್ಟಳು.

"ಮೂವತ್ತಾರು ವರ್ಷ ನಿನ್ನ ಜೊತೆ ಬಾಳ್ವೆ ಮಾಡಿದೀನಿ. ನನ್ನ ಅಡುಗೆ ಬೈದಿದೀಯ, ನಮ್ಮಮ್ಮನ್ನ ಬೈದಿದೀಯ. ಕೆಂಪು ಗಾಡೀನ ಒಂದು ದಿನಾನೂ ಬೈದೋನಲ್ಲ. ಏನಾಯ್ತು ಹೇಳು."

"ಏನೂ ಇಲ್ಲ."

"ಡೆಲ್."

ಅವನು ಕೆಳಗಿನ ರಸ್ತೆಯ ಕಡೆ ತಿರುಗಿದ. ಆಮೇಲೆ ಎಲ್ಲ ಹೇಳಿದ. ತಂತಿ, ವಾಸನೆ, ನೆಲಕ್ಕೆ ಹೋದ ಪೆಡಲು, ಬಯಲಿನಲ್ಲಿ ಕೂತ ಒಂದು ಗಂಟೆ. "ನನಗೆ ಭಯ ಆಗುತ್ತೆ ಕಣೇ," ಅಂದ. "ಎಳೆಯೋ ಗಾಡಿ ಯಾವನಿಗೆ ಬೇಕು. ನನಗೆ ಇಳಿಯುವಾಗ ಹಿಡಿಯೋ ಗಾಡಿ ಬೇಕು. ಅದು ಸಿಕ್ಕಿದ್ರೂ ಕಾಲು ಕೇಳುತ್ತೋ ಇಲ್ವೋ ಗೊತ್ತಿಲ್ಲ."

ಮಾರ್ವಾಗೆ ಕಣ್ಣು ತುಂಬಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಐದು ತಿಂಗಳು ಒಬ್ಬನೇ ಇಟ್ಕೊಂಡಿದೀಯಲ್ಲ ಇದನ್ನ, ನಿನಗೆ ಬುದ್ಧಿ ಇದೆಯಾ? ನಾನು ಯಾಕೆ ಯಾವತ್ತೂ ನಿನ್ನ ಜೊತೆ ಟ್ರಕ್ಕಲ್ಲಿ ಕೂರದೆ ಹಿಂದೆ ಕಾರಲ್ಲಿ ಬರ್ತೀನಿ ಅಂದ್ಕೊಂಡಿದೀಯ?"

"ಕಾರು ಬೇಕಾಗುತ್ತೆ ಅಂತ. ದೊಡ್ಡಿಯಿಂದ ಪೇಟೆಗೆ ಹೋಗಿ ಬರೋಕೆ."

"ಕಾರೂ ಬೇಡ, ಗೀರೂ ಬೇಡ. ಈ ಇಳಿಜಾರು ಕಂಡ್ರೆ ನನಗೆ ಜೀವ ಬಾಯಿಗೆ ಬರುತ್ತೆ. ಮೊದಲನೇ ವರ್ಷದಿಂದ. ನೀನು ನಗ್ತೀಯ ಅಂತ ಹೇಳಲಿಲ್ಲ."

ಡೆಲ್ ನಗಲಿಲ್ಲ. ಅವಳಾಗಲೇ ಫೋನು ತೆಗೆದಿದ್ದಳು.

"ಲೋವೆಲ್, ಶೆಡ್ಡನ್ನ ಮತ್ತೆ ನಿನ್ನ ಗಾಡಿಗೆ ಕಟ್ಟು. ಮೇಲಕ್ಕೆ ತಗೊಂಡು ಬಾ. ಯಾಕೆ ಅಂತ ಕೇಳಬೇಡ."

ಲೋವೆಲ್ ಬಂದ. ಸೋತವನ ಮುಖ ಹೊತ್ತು ಬಂದವನಿಗೆ ಮಾರ್ವಾ, "ಇಳಿ ಕೆಳಗೆ. ನನ್ನ ಕಾರು ತಗೊಂಡು ಹಿಂದೆ ಬಾ. ಗೇರು ನಿಧಾನ, ಮುರಿದು ಹಾಕಬೇಡ," ಅಂದಳು. ಅವನು ಗಂಡನನ್ನೂ ಹೆಂಡತಿಯನ್ನೂ ಮಿಕಮಿಕ ನೋಡಿ ಇಳಿದ. ಮಾರ್ವಾ ಆ ಕಡೆಯ ಬಾಗಿಲಿಂದ ಹತ್ತಿ, ಪಟ್ಟಿ ಬಿಗಿದು ಕೂತಳು.

"ನಾನಂತೂ ಕೂತಾಯ್ತು. ನೀನು ಬಂದ್ರೆ ಇಬ್ಬರೂ ಹೋಗೋಣ. ಇಲ್ದಿದ್ರೆ ಇಬ್ಬರೂ ಇಲ್ಲೇ ಇರೋಣ, ಶೆಡ್ಡಲ್ಲಿ ಸಂಸಾರ ಮಾಡೋಣ."

ಡೆಲ್ ಹತ್ತಿದ. ಹತ್ತಿ ಶೆಡ್ಡಿನ ಬ್ರೇಕನ್ನು ಮೂರು ಸಲ ಒತ್ತಿ ನೋಡಿದ, ಹಿಡಿಯಿತು. ಲೋವೆಲ್ ಬಾಗಿಲಿಗೆ ಬಂದು ಒಂದು ಗುಂಡಿ ತೋರಿಸಿದ. "ಅದು ಎಂಜಿನ್ ಬ್ರೇಕು. ಒತ್ತಿಬಿಡು, ಮಿಕ್ಕಿದ್ದು ಅದೇ ನೋಡ್ಕೊಳುತ್ತೆ. ನನ್ನಂಥ ಒರಟು ಕಾಲಿನೋನೇ ಬ್ರೇಕ್ ತುಳಿಯಲ್ಲ." ಡೆಲ್ ಗುಂಡಿ ಒತ್ತಿದ. ಅಂಗೈ ನೆನೆದುಹೋಗಿತ್ತು, ಪ್ಯಾಂಟಿಗೆ ಒರೆಸಿಕೊಂಡ.

ಮೂಗಿನ ತುದಿಯಲ್ಲಿ ರಸ್ತೆ ಕಾಣೆಯಾಗಿ ಬರೀ ಆಕಾಶ ಕಾಣುತ್ತದೆ. ಆ ಕ್ಷಣಕ್ಕೆ ಡೆಲ್ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದ. ಆಮೇಲೆ ಮುಂಭಾಗ ಬಾಗಿತು, ಶೆಡ್ಡು ಹಿಂದಿನಿಂದ ದಬ್ಬಿತು, ಬಲಗಾಲು ತಾನಾಗಿ ಪೆಡಲಿನ ಮೇಲೆ ಹೋಯಿತು. ಅಷ್ಟರಲ್ಲಿ ಎಂಜಿನ್ನು ಗುರ್ರ್ ಅಂತ ಗಂಟಲು ದಪ್ಪ ಮಾಡಿಕೊಂಡು, ಆ ಏಳು ಟನ್ನನ್ನು ಕುತ್ತಿಗೆಪಟ್ಟಿ ಹಿಡಿದು ನಿಲ್ಲಿಸಿದ ಹಾಗೆ ಹಿಡಿಯಿತು. ಗಂಟೆಗೆ ಇಪ್ಪತ್ತೆಂಟು ಮೈಲಿ. ಇಪ್ಪತ್ತೆಂಟು. ಮುಳ್ಳು ಅಲ್ಲಿಂದ ಕದಲಲಿಲ್ಲ. ಡೆಲ್ ಕಾಲನ್ನು ಪೆಡಲಿನಿಂದ ನಿಧಾನಕ್ಕೆ ಎತ್ತಿದ. ಎತ್ತಿ ಪಕ್ಕದಲ್ಲಿಟ್ಟ. ಗಾಡಿ ತನ್ನ ಪಾಡಿಗೆ ಇಳಿಯುತ್ತಿತ್ತು.

"ನೋಡೇ, ಕಾಲು ನೋಡೇ," ಅಂದ. "ಸುಮ್ನೆ ಕೂತಿದೆ."

"ನಾನು ಏನೂ ನೋಡಲ್ಲ. ಕಣ್ಣು ಮುಚ್ಚಿದೀನಿ. ನೀನು ರಸ್ತೆ ನೋಡು, ಪುಣ್ಯಾತ್ಮ."

ಮೊದಲ ತಿರುವಿಗೆ ಒಮ್ಮೆ ಬ್ರೇಕು ಮುಟ್ಟಿದ. ಎರಡನೆಯದಕ್ಕೆ ಮುಟ್ಟಲಿಲ್ಲ. ಕೊನೆಯ ತಿರುವು ಬಂದಾಗ, ಅದೇ ತಿರುವು, ಡೆಲ್ ನಗುತ್ತಿದ್ದ. ಹದಿನೇಳರ ಹುಡುಗನಾಗಿದ್ದಾಗ ಮೊದಲ ಕುರಿಯ ಉಣ್ಣೆಯನ್ನು ಹರಿಯದೆ ಒಂದೇ ಹಾಸಾಗಿ ತೆಗೆದ ದಿನ ಹೀಗೇ ನಕ್ಕಿದ್ದ. ಬಯಲಿಗೆ ಬಂದು ಹಾರ್ನು ಒತ್ತಿದವನು ಕೈ ತೆಗೆಯಲೇ ಇಲ್ಲ.

ಬುಡದಲ್ಲಿದ್ದವರಿಗೆ ಕಣ್ಣನ್ನೇ ನಂಬಲಾಗಲಿಲ್ಲ. ಸ್ಟ್ರಾಂಡ್ ಮನೆಯವನು ನೀಲಿ ಗಾಡಿಯಲ್ಲಿ, ಅದೂ ಸೋತ ಗಾಡಿಯಲ್ಲಿ. ಕೆಂಪು ಅಂಗಡಿಯವನು, "ಗೆದ್ದಿದ್ದು ನಾವಲ್ವಾ?" ಅಂತ ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಲೋವೆಲ್ ಕಾರಿನಿಂದ ಹಾರಿಯೇ ಬಂದ.

"ಬಾಯಿ ಬಿಟ್ಟು ಹೇಳೋ. ಐವತ್ತೇಳು ವರ್ಷದಿಂದ ಕಾಯ್ತಿದೀನಿ."

"ನೀಲಿ ಒಳ್ಳೆ ಗಾಡಿ," ಅಂದ ಡೆಲ್, ಎಲ್ಲರಿಗೂ ಕೇಳುವ ಹಾಗೆ. "ಇದರ ಜೊತೇದನ್ನ ಇವತ್ತೇ ತಗೋತೀನಿ. ನಾನು ಮೂಗು ಇಳಿಯೋಕೆ ಹೆದರ್ತಿದ್ದೆ ಲೋವೆಲ್, ಅಕ್ಟೋಬರಿಂದ. ಅದಕ್ಕೇ ಇಷ್ಟು ದಿನ ಸತಾಯಿಸಿದ್ದು."

ಲೋವೆಲ್ ಟೋಪಿ ತೆಗೆದು ತಲೆ ಕೆರೆದುಕೊಂಡ, ಮತ್ತೆ ಹಾಕಿಕೊಂಡ. "ಅದನ್ನ ಮೊದಲೇ ಹೇಳೋಕೆ ಏನಾಗಿತ್ತೋ ಕತ್ತೆ," ಅಂದು ಅವನ ಬೆನ್ನಿಗೆ ಒಂದು ಗುದ್ದು ಗುದ್ದಿದ. ಅಷ್ಟೇ. ಓಪಲ್ ಕಾಫಿ ಬಗ್ಗಿಸಿ ಕೊಟ್ಟಳು, ಗಾಡಿಯ ಮಾತು ಮತ್ತೆ ಶುರುವಾಯಿತು.

ಮಾರ್ವಾ ಇನ್ನೂ ಇಳಿದಿರಲಿಲ್ಲ. ಡೆಲ್ ಸುತ್ತಿ ಹೋಗಿ ಆ ಕಡೆಯ ಬಾಗಿಲು ತೆಗೆದ. ಅವಳು ತಲೆಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು, ಬೆರಳುಗಳು ಬಿಳಿಚಿಕೊಂಡಿದ್ದವು. ಅವನು ಒಂದೊಂದೇ ಬೆರಳನ್ನು ಬಿಡಿಸಿದ.

"ಮುಗೀತು ಮಾರ್ವಾ. ಕಣ್ಣು ಬಿಡು. ಸೋಮವಾರ ನೀನು ಕಾರಲ್ಲೇ ಬಾ, ನಾನು ನಗಲ್ಲ."

ಅವಳು ಕಣ್ಣು ಬಿಟ್ಟಳು. ತಿರುಗಿ ಆ ಇಳಿಜಾರನ್ನು ತುದಿಯಿಂದ ಬುಡದವರೆಗೆ ಒಮ್ಮೆ ನೋಡಿದಳು.

"ಕಾರು ಮನೇಲಿರಲಿ," ಅಂದಳು. "ನಾನು ಇಲ್ಲೇ ಕೂರ್ತೀನಿ."