ಅಕ್ಕನ ಸೈಕಲ್ಲಿನ ಗಾಳಿ

ಅಕ್ಕನ ಸೈಕಲ್ಲಿನ ಗಾಳಿ ತೆಗೆಯುತ್ತಿದ್ದವನು ನಾನೇ. ಒಂದು ದಿನವಲ್ಲ, ಎರಡು ದಿನವಲ್ಲ — ಹೊಲದಲ್ಲಿ ಹೆಸರುಕಾಳು ಬಿತ್ತಿದಾಗ ಶುರು ಮಾಡಿ, ಅದು ಹೂ ಬಿಡುವ ತನಕ. ಇದಾಗಿ ಮೂರು ವರ್ಷವಾಯಿತು. ಊರಲ್ಲೇ ದೊಡ್ಡ ಬಾಯಿ ನನ್ನದು. ಈ ಒಂದು ಮಾತು ಮಾತ್ರ ಅದರಿಂದ ಹೊರಬೀಳಲಿಲ್ಲ.

ಸಂಶಿಯ ಹತ್ತಿರದ ಹಳ್ಳಿ ನಮ್ಮದು. ಅಕ್ಕ ಶಿವಲೀಲಾ ಸಂಶಿಗೆ ಓದಲು ಹೋಗುತ್ತಿದ್ದಳು. ಎಲ್ಲಿ ಓದಿದಳೋ, ಮನೆಯ ಕರೆಂಟು, ಪೆಟ್ರೋಲು ಎರಡನ್ನೂ ಅರ್ಧಕ್ಕೆ ಇಳಿಸುತ್ತೇನೆಂದು ಹಟ ಹಿಡಿದಳು. ದಿನಾ ಸ್ಟೂಲು ಹತ್ತಿ ಮೀಟರ್ ನೋಡಿ, ಗೋಡೆಯ ಮೇಲೆ ಅಂಕಿ ಬರೆಯುವಳು. ಮಣ್ಣಿನ ಮಾಳಿಗೆಯ ಬೆಳಕಿಂಡಿ ಮುಚ್ಚಿದ್ದ ಕಲ್ಲು ತೆಗೆಸಿ ಗಾಜು ಕೂಡಿಸಿದಳು. ಹಗಲು ಬಲ್ಬು ಹಚ್ಚುವುದು ನಿಂತಿತು. ಅಡುಗೆಮನೆಯ ತಗಡಿನ ಮೇಲೆ ತಾನೇ ಹತ್ತಿ ಸುಣ್ಣ ಬಳಿದಳು. ಒಳಗೆ ಎಷ್ಟು ತಂಪಾಯಿತೆಂದರೆ, ಒಲೆಯ ಮುಂದೆ ರೊಟ್ಟಿ ಬಡಿಯುವ ಅವ್ವ ಶಾಲು ಕೇಳಿದಳು ಎಂದು ನಾನು ಊರೆಲ್ಲ ಹೇಳಿಕೊಂಡು ಬಂದೆ. ಸುಳ್ಳು. ಅವ್ವನ ಬೆವರು ಕಡಿಮೆಯಾದದ್ದು ಮಾತ್ರ ನಿಜ.

ಮೋಟರ್‌ಸೈಕಲ್ಲು ದವಾಖಾನೆಗೆ, ಹುಬ್ಬಳ್ಳಿಗೆ ಮಾತ್ರ ಎಂದಾಯಿತು. ಉಳಿದಂತೆ ಹೊಲಕ್ಕೂ ಸಂತೆಗೂ ಮೂರು ಸೈಕಲ್ಲುಗಳ ಸಾಲು. ಮುಂದೆ ಅಪ್ಪ, ಅವನ ಕ್ಯಾರಿಯರ್ ಮೇಲೆ ಬುತ್ತಿ ಹಿಡಿದ ಅವ್ವ, ಹಿಂದೆ ಅಕ್ಕ, ಬಾಲಕ್ಕೆ ನಾನು. ಕಟ್ಟೆಯ ಮೇಲೆ ಕೂತ ಗೆಳೆಯರು ಬಿಡುತ್ತಾರೆಯೇ?

"ಏನಲೇ ಮಲ್ಲ್ಯಾ, ನಿಮ್ಮನಿ ದಿಂಡಿ ಎಲ್ಲಿಗೆ ಹೊಂಟೈತಿ? ನಾವೂ ತಾಳ ತಂದು ಭಜನಿ ಮಾಡಕೋತ ಬರೂಣೇನು?"

ಊರನ್ನೆಲ್ಲ ನಗಿಸುವವನು ನಾನು. ನನ್ನನ್ನೇ ನೋಡಿ ಊರು ನಗುವುದೆಂದರೆ —

ಇದೆಲ್ಲದರ ಎಂಜಿನ್ನು ಅಕ್ಕ. ಅವಳು ನಿಂತರೆ ಎಲ್ಲ ನಿಲ್ಲುತ್ತದೆ ಎಂದುಕೊಂಡೆ. ಅವಳ ಸೈಕಲ್ಲಿನ ವಾಲ್‌ಟ್ಯೂಬು ಕಳಚಿದೆ. ಗಾಳಿ ಹೊರಬಾರದಂತೆ ತಡೆಯುವ ಚೋಟುದ್ದದ ರಬ್ಬರ್ ನಳಿಗೆ ಅದು. ಬ್ಲೇಡಿನಿಂದ ಸಣ್ಣಗೆ ಸೀಳಿ ಮತ್ತೆ ಹಾಕಿದೆ. ಅರ್ಧ ದಾರಿಗೆ ಚಕ್ರ ಚಪ್ಪಟೆ. ಪಂಚರ್ ಅಂಗಡಿಗೆ ಒಯ್ಯಬೇಕಾದಾಗ "ಕೊಡಬೇ, ನಾ ಒಯ್ತೀನಿ" ಎಂದು ಮುಂದಾಗಿ, ದಾರಿಯಲ್ಲಿ ಒಳ್ಳೆಯ ನಳಿಗೆ ಹಾಕಿಬಿಡುತ್ತಿದ್ದೆ. ಅಂಗಡಿಯ ಖಾದರ್ ಕಾಕಾ ಟ್ಯೂಬನ್ನು ನೀರಲ್ಲಿ ಮುಳುಗಿಸಿ, ಗುಳ್ಳೆ ಹುಡುಕಿ ಹುಡುಕಿ ಸೋತರು.

ಒಂದು ಸಂಜೆ, ನಾನು ನಳಿಗೆ ಬದಲಿಸಿ ಅಂಗಡಿ ಮುಟ್ಟುವಷ್ಟರಲ್ಲಿ, ಅಕ್ಕನೂ ಹಿಂದೆಯೇ ಬಂದಳು. ಬಾಜೂ ಕಟ್ಟೆಯ ಮೇಲೆ ಹತ್ತು ಮಂದಿ.

"ತೂತಿಲ್ಲ, ಏನಿಲ್ಲ. ಹವಾ ಎಲ್ಲಿ ಹೋಗತೈತಿ ಮಾರಾಯಾ?" ಎಂದರು ಕಾಕಾ, ನನ್ನ ಮುಖವನ್ನೇ ನೋಡುತ್ತ. ಸಿಕ್ಕಿಬಿದ್ದೆ ಅನಿಸಿತು. ಎದುರಿಗೆ ಕೇಳುವ ಜನ ಬೇರೆ.

"ಟ್ಯೂಬಿಂದೇನ್ ತಪ್ಪೈತ್ರಿ ಕಾಕಾ? ಅಕ್ಕಾ ಏರಿ ಕುಂತ್ಲಂದ್ರ ಅದು ಹೆದರಿ ಜೀವಾನ ಬಿಡತೈತಿ!"

ಕಟ್ಟೆ ಬಿದ್ದು ಬಿದ್ದು ನಕ್ಕಿತು. ಅಕ್ಕನೂ ನಕ್ಕಳು. ಯಾರೋ "ರೋಡ್ ರೋಲರ್" ಎಂದರು. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಅಂಟುವ ಹಾಗೆ ಹೆಸರು ಅಂಟಿತು — ಕಡ್ಡಿ ಹಾಕಿ ಕೆರೆದರೂ ಬಿಡದು.

ಮರುದಿನ ಅವಳ ತಾಟಿನಲ್ಲಿ ಒಂದೇ ರೊಟ್ಟಿ. ಮರುವಾರ ಬಸ್ಸು. ಗೋಡೆಯ ಅಂಕಿಗಳು ಅಲ್ಲಿಗೇ ನಿಂತವು. ಮೋಟರ್‌ಸೈಕಲ್ಲು ಹೊರಬಂತು, ನಾನು ಅಪ್ಪನ ಹಿಂದೆ ಕೂತು ಗೆಳೆಯರಿಗೆ ಕೈ ಬೀಸುತ್ತ ಹೋದೆ. ಯಾರೂ ಒರೆಸದ ಬೆಳಕಿಂಡಿಯ ಗಾಜು ಮಬ್ಬಾಯಿತು. ಹಗಲಲ್ಲೇ ಬಲ್ಬು. ನನಗೆ ಬೇಕಾದದ್ದೆಲ್ಲ ಸಿಕ್ಕಿತು. ಆದರೆ ಅಕ್ಕ — ಇವತ್ತಿಗೂ ಎರಡನೆಯ ರೊಟ್ಟಿಗೆ ಕೈ ಚಾಚುವ ಮುನ್ನ ಸುತ್ತ ನೋಡುತ್ತಾಳೆ.

ಹೋದ ವಾರ ಗುಜರಿಯವನು ಬಂದ. "ಆ ಸೈಕಲ್ ಕೊಟ್ಟಬಿಡ್ರಿ," ಎಂದಳು ಅಕ್ಕ. "ನನ್ನ ಭಾರ ಅದಕ್ಕ ಆಗೂದಿಲ್ಲ."

ಹ್ಯಾಂಡಲ್ ಹಿಡಿದು ನಿಂತೆ. ಬಿಡಲಿಲ್ಲ. ಗುಜರಿಯವನು ಬರಿಗೈಲಿ ಹೋದ.

ಇವತ್ತು ಬೆಳಿಗ್ಗೆ ಅವಳನ್ನು ಕಾಡಿ ಬೇಡಿ ಖಾದರ್ ಕಾಕಾನ ಅಂಗಡಿಗೆ ಕರೆದೊಯ್ದೆ. ಕಟ್ಟೆ ತುಂಬಿತ್ತು; ತುಂಬಲಿ ಎಂದೇ ಕಾದಿದ್ದೆ. ಎಲ್ಲರೆದುರು ವಾಲ್‌ಟ್ಯೂಬು ಸೀಳಿದೆ, ಹಾಕಿದೆ, ಗಾಳಿ ಹೊಡೆದೆ, ಸೈಕಲ್ ನಿಲ್ಲಿಸಿ ದೂರ ಸರಿದೆ. ಯಾರೂ ಹತ್ತದ ಸೈಕಲ್ಲಿನ ಚಕ್ರ ಮೆಲ್ಲಗೆ, ತಾನೇ ಚಪ್ಪಟೆಯಾಯಿತು.

"ಆವಾಗ ಮಾಡಿದಾಂವ ನಾನ," ಎಂದೆ.

ಯಾರೂ ನಗಲಿಲ್ಲ. ಕಾಕಾ ಪಂಪು ಕೆಳಗಿಟ್ಟರು. ಅಕ್ಕ ಬಗ್ಗಿ ಚಪ್ಪಟೆ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಅವತ್ತ ನಾನೂ ನಕ್ಕಿದ್ನಲ್ಲೋ," ಎಂದಳು. "ಆ ನಗಿ ಎಲ್ಲಿಂದ ತಂದಿದ್ನಿ, ಗೊತ್ತೈತೇನು ನಿನಗ?"

ನಡೆದು ಮನೆಗೆ ಹೋದಳು.

ಗಾಜು ಒರೆಸಿದ್ದೇನೆ. ತಗಡಿಗೆ ಬಳಿಯಲು ಸುಣ್ಣ ನೆನೆಹಾಕಿದ್ದೇನೆ. ಅವಳ ಕೊನೆಯ ಅಂಕಿಯ ಕೆಳಗೆ ಒಂದು ಗೇಣು ಜಾಗ ಬಿಟ್ಟು ಇವತ್ತಿನ ಮೀಟರ್ ಬರೆದಿದ್ದೇನೆ. ನಾಳೆಯಿಂದ ದಿನಾ ಬೆಳಿಗ್ಗೆ ಏಳಕ್ಕೆ ಅವಳ ಸೈಕಲ್ಲಿಗೆ ಗಾಳಿ ಹೊಡೆದು, ಎರಡೂ ಚಕ್ರ ಹಿಚುಕಿ ನೋಡಿ, ಬಾಗಿಲ ಮುಂದೆ ನಿಲ್ಲಿಸುತ್ತೇನೆ. ಸೈಕಲ್ ಹತ್ತು ಎಂದು ಕೇಳುವುದಿಲ್ಲ. ಹತ್ತದಿದ್ದರೆ ಸಂಜೆ ಒಳಗಿಟ್ಟು, ಮರುದಿನ ಮತ್ತೆ ಗಾಳಿ ಹೊಡೆಯುತ್ತೇನೆ.