ಹೆಣ್ಣು ನೋಡಲು ಹೋದ ಉಬ್ಬಸ

ಉಬ್ಬಸವಿರುವವರ ಮನೆಯಲ್ಲಿ ಉಬ್ಬಸ ಎಂಬ ಪದವನ್ನು ಯಾರೂ ಬಳಸುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ 'ಸ್ವಲ್ಪ ಶೀತ' ಎಂದು ಹೆಸರು. ಕೃಷ್ಣರಾಜಪುರದ ತೂಗುಸೇತುವೆಯ ಕೆಲಸ ನಡೆಯುತ್ತಿದ್ದ ಆ ವರ್ಷಗಳಲ್ಲಿ ಊರಿನ ಅರ್ಧ ಧೂಳು ನನ್ನ ಎದೆಯಲ್ಲೇ ಬಿಡಾರ ಹೂಡಿದ್ದರೂ ಅಮ್ಮನ ಪ್ರಕಾರ ನನಗಿದ್ದದ್ದು ಸ್ವಲ್ಪ ಶೀತ. ಮದುವೆಯಾಗದ ಗಂಡಿಗೆ ಅದಕ್ಕಿಂತ ದೊಡ್ಡ ಕಾಯಿಲೆ ಬರಕೂಡದು, ಅಷ್ಟೆ.

ಹಲಸೂರಿನ ನಮ್ಮ ಡಾಕ್ಟರು ಮಾತ್ರ ಬಾಯಿಬಿಟ್ಟು ಹೇಳಿದ್ದರು. ಮೂಗು, ಶ್ವಾಸನಾಳಗಳ ಒಳಗೋಡೆಯಲ್ಲಿ ಮಾಸ್ಟ್ ಕೋಶಗಳು ಎಂಬುವು ಕಾವಲಿರುತ್ತವಂತೆ. ಕೆಡುಕು ಮಾಡುವ ಹುಳುಹುಪ್ಪಟೆ ಒಳಬಂದರೆ ಓಡಿಸುವುದು ಅವುಗಳ ಕೆಲಸ. ನನ್ನಂಥವರಲ್ಲಿ ಬಡಪಾಯಿ ಧೂಳಿನ ಮೇಲೂ ಅವಕ್ಕೆ ಹಗೆ. ಇದನ್ನು ಕೇಳಿ ನನಗೆ ನೆನಪಾದದ್ದು ಸೋದರಮಾವ. ಯಾರಾದರೂ ಒಮ್ಮೆ ಬಾಯಿತಪ್ಪಿ ಏನಾದರೂ ಆಡಿದರೆ ಮಾವ ಏನೂ ಅನ್ನುವುದಿಲ್ಲ, ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಮುಂದಿನ ಮದುವೆಯಲ್ಲಿ ಅದೇ ಮನುಷ್ಯ 'ಊಟ ಆಯ್ತಾ' ಎಂದರೂ ಸಾಕು, ಚಪ್ಪರ ಹಾರಿಹೋಗುತ್ತದೆ. ಈ ಕೋಶಗಳದ್ದೂ ಅದೇ ಬುದ್ಧಿ. ಮೊದಲ ಸಲ ಧೂಳು ಬಂದಾಗ ದೇಹ ಸದ್ದಿಲ್ಲದೆ ಅದರ ಗುರುತು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸಿ ಇವುಗಳ ಮೈಗೆ ಅಂಟಿಸುತ್ತದೆ. ಅದೇ ಧೂಳು ಮತ್ತೆ ಬಂತೋ, ಒಡಲಲ್ಲಿದ್ದ ಹಿಸ್ಟಮಿನ್ ಮುಂತಾದ ಸರಕನ್ನೆಲ್ಲ ಹೊರಗೆ ಸುರಿಯುತ್ತವೆ. ಶ್ವಾಸನಾಳ ಊದಿ ಕಿರಿದಾಗುತ್ತದೆ, ಕಫ ಕಟ್ಟುತ್ತದೆ. ಧೂಳಿಗೆ ಏನೂ ಆಗುವುದಿಲ್ಲ. ಒದ್ದಾಡುವವನು ಮನೆಯ ಯಜಮಾನ.

ದೊಮ್ಮಲೂರಿಗೆ ಹೆಣ್ಣು ನೋಡಲು ಹೊರಟಾಗ ಅಮ್ಮ ನನ್ನ ಜೇಬಿನಿಂದ ಇನ್‌ಹೇಲರ್ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. "ಜೇಬು ಉಬ್ಬಿದ್ರೆ ಸಿಗರೇಟು ಅಂದ್ಕೋತಾರೆ."

"ಸಿಗರೇಟಾದ್ರೆ ಮದುವೆ ಆದ್ಮೇಲೆ ಬಿಡ್ತಾನೆ ಅನ್ಬಹುದು ಕಣಕ್ಕ," ಎಂದರು ಮಾವ. "ಇದಕ್ಕೇನಂತ ಹೇಳೋದು?"

ಹೆಣ್ಣಿನ ತಂದೆ ವಿಮಾ ಕಚೇರಿಯವರು, ಮರ್ಯಾದಸ್ಥರು. ನಮ್ಮ ಗೌರವಕ್ಕೆಂದೇ ಅಟ್ಟದಿಂದ ಜಮಖಾನ ಇಳಿಸಿದ್ದರು. ವರ್ಷಗಳಿಂದ ಸುತ್ತಿಟ್ಟಿದ್ದ ಅದನ್ನು ನಮ್ಮೆದುರೇ ಕೊಡವಿ, ಹಾಸಿ, "ಇಲ್ಲೇ ಮಧ್ಯ ಕೂತ್ಕೊಳ್ಳಿ" ಎಂದು ನನ್ನನ್ನು ಪ್ರತಿಷ್ಠಾಪಿಸಿದರು. ಉಪ್ಪಿಟ್ಟು ಬರುವಷ್ಟರಲ್ಲಿ ಎದೆ ಬಿಗಿಯಿತು, ಕಾಫಿ ಬರುವಷ್ಟರಲ್ಲಿ ಒಳಗಿಂದ ಕುಯ್ಯೆಂಬ ಸದ್ದು. "ಸ್ವಲ್ಪ ಶೀತ," ಎಂದಳು ಅಮ್ಮ. ಬ್ಯಾಗು ಅವಳ ಮಡಿಲಲ್ಲೇ ಇತ್ತು. ಕೇಳಿದರೆ ಸಂಬಂಧ ಹೋಗುತ್ತದೆ, ಕೇಳದಿದ್ದರೆ ನಾನೇ ಹೋಗುತ್ತೇನೆ. ನನಗೆ ನಿಜಕ್ಕೂ ಭಯವಾಯಿತು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು "ಹುಡುಗ ಹುಡುಗಿ ಒಂದೆರಡು ಮಾತಾಡ್ಲಿ" ಎಂದು ನಮ್ಮಿಬ್ಬರನ್ನು ಪಕ್ಕದ ಕೋಣೆಗೆ ಕಳಿಸಿದರು. ಹುಡುಗಿಯ ಹೆಸರು ಸುಮಾ. "ಏನಾದ್ರೂ ಕೇಳೋದಿತ್ತಾ?" ಎಂದಳು.

"ಅಸ್ತಮಾ," ಎಂದೆ. "ಇನ್‌ಹೇಲರ್... ಅಮ್ಮನ ಬ್ಯಾಗು."

ಅವಳು ನೇರ ಹಾಲಿಗೆ ಹೋಗಿ, ಎಲ್ಲರೆದುರು, "ಆಂಟಿ, ಅವರ ಇನ್‌ಹೇಲರ್ ಕೊಡಿ" ಎಂದಳು. ಅಮ್ಮ ಬ್ಯಾಗಿನಲ್ಲಿದ್ದ ಎಲೆಅಡಿಕೆಯ ಕೆಳಗಿಂದ ಅದನ್ನು ತೆಗೆದುಕೊಟ್ಟಳು. ಎರಡು ಸಲ ಎಳೆದುಕೊಂಡೆ, ಜೀವ ಬಂತು.

ಮನೆ ಮುಟ್ಟುವವರೆಗೂ ಮಾವ ಗೊಣಗಿದರು: "ಹುಡುಗಿಗೆ ಬಾಯಿ ಜಾಸ್ತಿ ಕಣೋ." ಆ ಮನೆಯಲ್ಲೂ ಹುಡುಗನಿಗೆ ಉಸಿರೇ ಇಲ್ಲವೆಂದು ದೊಡ್ಡ ಗಲಾಟೆಯಂತೆ. ಒಂದು ಅಂಗೈಯಗಲದ ಪ್ಲಾಸ್ಟಿಕ್ ಕೊಳವೆಯ ಮೇಲೆ ಎರಡು ಕುಟುಂಬಗಳು ವಾರಗಟ್ಟಲೆ ಊದಿಕೊಂಡಿದ್ದವು. ಕೊನೆಗೆ ಸುಮಾ ಹಟ ಹಿಡಿದಳು, ಮದುವೆಯಾಯಿತು.

ಯಾಕೆ ಹಟ ಹಿಡಿದೆ ಎಂದು ಒಮ್ಮೆ ಕೇಳಿದೆ. ರೂಪ, ಗುಣ ಎಂದೇನಾದರೂ ಬಾಯಿಗೆ ಬಂದೀತೆಂಬ ಆಸೆ ನನಗೆ. "ನೋಡೋಕೆ ಬಂದವ್ರಲ್ಲಿ ಸುಳ್ಳು ಹೇಳ್ದೇ ಇದ್ದವ್ರು ನೀವೊಬ್ರೇ ರೀ," ಎಂದಳು. ನಾನು ಬೀಗಲು ಶುರುಮಾಡುವಷ್ಟರಲ್ಲಿ ಸೇರಿಸಿದಳು: "ಸುಳ್ಳು ಹೇಳೋಷ್ಟು ಉಸಿರು ಎಲ್ಲಿತ್ತು ನಿಮ್ಮ ಹತ್ರ?"