ಬಣ್ಣ ಬಳಿದ ಸರಪಳಿ

ನನ್ನ ಗಂಡನ ಬಲಪಾದ ಹೋದದ್ದು ಆಯುಧಪೂಜೆಯ ಮರುವಾರ. ಅವರು ಕೆಲಸ ಮಾಡುವುದು ಹೆಬ್ಬಾಳದ ಕಡೆ, ಕಬ್ಬಿಣದ ತಗಡು ಕತ್ತರಿಸುವ ಫ್ಯಾಕ್ಟರಿಯಲ್ಲಿ. ಕ್ರೇನಿನ ಸರಪಳಿ ತುಂಡಾಗಿ, ತೂಗುತ್ತಿದ್ದ ತಗಡಿನ ಕಟ್ಟು ಕಾಲಿನ ಮೇಲೆ ಬಿತ್ತು. ಆಸ್ಪತ್ರೆಗೆ ನೋಡಲು ಬಂದವರದೆಲ್ಲ ಒಂದೇ ರಾಗ: "ತಾಯಿ ದೊಡ್ಡೋಳು ಕಣಮ್ಮ, ಪೂಜೆ ಮಾಡಿದ್ಕೆ ಜೀವ ಉಳೀತು." ನನಗೆ ಮೈಯೆಲ್ಲ ಉರಿಯುತ್ತಿತ್ತು. ಜೀವ ಉಳಿಸಿದವಳಿಗೆ ಒಂದು ಪಾದ ಉಳಿಸಲು ಏನು ಕಷ್ಟವಿತ್ತು?

ಅಶೋಕಪುರಂನ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವರು ನಿಜ ಹೇಳಿದರು. ಸವೆದುಹೋದ ಸರಪಳಿಗೆ ಕೆಂಪು ಬಣ್ಣ ಹಚ್ಚಿ ಮೂಲೆಗೆ ಹಾಕುತ್ತಾರೆ. ಅದನ್ನು ಯಾರೂ ಬಳಸುವಂತಿಲ್ಲ. ಹಬ್ಬಕ್ಕೆಂದು ಸಾಮಾನನ್ನೆಲ್ಲ ತೊಳೆದು ಬಣ್ಣ ಹೊಡೆಯುವಾಗ, ಇಷ್ಟು ವರ್ಷ ದುಡಿದದ್ದು ಪೂಜೆಯಿಲ್ಲದೆ ಬಿದ್ದಿರಬಾರದು ಎಂದು ಇವರು ಅದಕ್ಕೂ ಬೆಳ್ಳಿ ಬಣ್ಣ ಬಳಿದು, ಕುಂಕುಮವಿಟ್ಟು, ಒಳ್ಳೆಯವುಗಳ ಜೊತೆ ತೂಗುಹಾಕಿದ್ದರು. ಪೂಜೆಯ ಗದ್ದಲದಲ್ಲಿ ತೆಗೆದಿಡುವುದು ಮರೆತೇಹೋಗಿತ್ತು. ಕಬ್ಬಿಣಕ್ಕೂ ಕನಿಕರ ತೋರಿಸುವ ಮನುಷ್ಯ, ಏನು ಹೇಳಲಿ!

ಅಷ್ಟರಲ್ಲಿ ಫ್ಯಾಕ್ಟರಿಯವರು ಕ್ರೇನ್ ನಡೆಸುತ್ತಿದ್ದ ಇವರ ಗೆಳೆಯನನ್ನು ಕೆಲಸದಿಂದ ದೂರವಿಟ್ಟು ವಿಚಾರಣೆ ಶುರುಮಾಡಿದ್ದರು. ಜೋರಾಗಿ ಎಳೆದು ಸರಪಳಿ ಕಿತ್ತ ಎಂಬುದು ಅವನ ಮೇಲಿದ್ದ ಆರೋಪ. ಇವರು ಬಾಯಿ ಬಿಟ್ಟರೆ ಅವನು ಉಳಿಯುತ್ತಾನೆ, ನಾವು ಮುಳುಗುತ್ತೇವೆ. ಸುಮ್ಮನಿರಿ ಎಂದು ನಾನು ಖಡಾಖಂಡಿತವಾಗಿ ಹೇಳಿದ್ದೆ. ಕಾಲೂ ಹೋಗಿ ಕೆಲಸವೂ ಹೋದರೆ ಯಾರ ಮನೆ ಬಾಗಿಲಿಗೆ ಹೋಗುವುದು?

ಮರುದಿನ ಬೆಳಿಗ್ಗೆ ಆ ಗೆಳೆಯನೇ ಬಾಳೆಹಣ್ಣು ಹಿಡಿದು ಬಂದ. ಇವರು ಅವನ ಮುಖ ನೋಡಲಾರದೆ ಗೋಡೆ ನೋಡುತ್ತ, "ಆ ಚೈನಿಗೆ ಬಣ್ಣ ಹೊಡ್ದಿದ್ದು ನಾನು ಕಣೋ. ನಿಂದೇನೂ ತಪ್ಪಿಲ್ಲ" ಎಂದರು.

"ಗೊತ್ತು ಬುಡಣ್ಣ. ಬಣ್ಣದ ಡಬ್ಬ ಹಿಡ್ಕೊಂಡಿದ್ದೋನು ನಾನೇ ಅಲ್ವಾ? ನಾನೇ ಜೋರಾಗಿ ಎಳ್ದೆ ಅಂತ ನಿನ್ನೆ ಒಪ್ಕೊಂಡ್ಬುಟ್ಟೆ. ನಂಗೆ ಕೈಕಾಲು ಗಟ್ಟಿಯಾಗವೆ, ಎಲ್ಲಾದ್ರೂ ದುಡ್ಕೊತೀನಿ. ನೀನು ಸುಮ್ಕಿರು."

ಸುಳ್ಳೇಕೆ ಹೇಳಲಿ, ನನಗೆ ಸಂತೋಷವೇ ಆಯಿತು. ಅವನಿಗೆ ಕಾಫಿ ಮಾಡಲು ಎದ್ದೆ. ಇವರು ಮಾತ್ರ, "ಊರುಗೋಲು ಕೊಡು, ಫ್ಯಾಕ್ಟ್ರಿಗೆ ಹೋಗ್ಬೇಕು" ಎಂದರು.

ಊರುಗೋಲು ನನ್ನ ಪಕ್ಕದಲ್ಲೇ ಇತ್ತು. ನಾನು ಕೊಡಲಿಲ್ಲ. ಅವರು ಮಂಚ ಹಿಡಿದು ಒಂಟಿಕಾಲಲ್ಲಿ ಎದ್ದು ನಿಂತರು. "ಬ್ಯಾಡ ಕಣಣ್ಣ, ಬ್ಯಾಡ" ಎಂದು ಅಳುತ್ತಲೇ ಆ ಗೆಳೆಯ ಹೆಗಲು ಕೊಟ್ಟ.